‘ಲಾಡ್ಜಲ್ಲಿ ಇದ್ದಂಗದೆ ಕಣ್ಲಾ’

ಪ್ರಶ್ನೆ: ಸಾರ್, ನಾವು ಪಾಂಡವಪುರ ತಾಲ್ಲೂಕಿನವರು. ಎರಡು ವರ್ಷದ ಹಿಂದೆ ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ 30×40 ಸೈಟಿನಲ್ಲಿ ಡ್ಯೂಪ್ಲೆಕ್ಸ್ ಮನೆ ಕಟ್ಟಿಸಿದೆವು. ಎರಡಂತಸ್ತಿನಷ್ಟು ಎತ್ತರದ ಡಬಲ್ ಹೈಟ್ ಹಾಲ್, ಮುಂದೆ ದೊಡ್ಡ ಗಾಜು, ಮಾಡ್ಯುಲರ್ ಕಿಚನ್, ಎಲ್ಲ ರೂಮಿಗೂ ಅಟ್ಯಾಚ್ಡ್ ಬಾತ್‌ರೂಮ್, ಯಾವುದಕ್ಕೂ ಕೊರತೆ ಮಾಡಲಿಲ್ಲ. ಊರಿನ ತೊಟ್ಟಿ ಮನೆಯಲ್ಲಿ ಬಾಳಿದ 72 ವರ್ಷದ ನಮ್ಮವ್ವ ಈಗ ನಮ್ಮ ಜೊತೆಗಿದ್ದಾರೆ. ಹಾಲಿನಲ್ಲಿ ಐದು ನಿಮಿಷ ಕೂರಲ್ಲ. ಎದುರುಮನೆಯವರ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾರೆ. ಕೇಳಿದರೆ ‘ಲಾಡ್ಜಲ್ಲಿ ಇದ್ದಂಗದೆ ಕಣ್ಲಾ’ ಅನ್ನುತ್ತಾರೆ. ದಿನಾ ರಾತ್ರಿ ಮುದ್ದೆ, ನನ್ನ ಹೆಂಡತಿಗೆ ಅಡುಗೆ ಮುಗಿಸುವಷ್ಟರಲ್ಲಿ ಭುಜ ನೋವು. ಮಗಳು ಬಾಗಿಲು ಹಾಕಿಕೊಂಡು ಮಹಡಿಯಲ್ಲೇ ಇರುತ್ತಾಳೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಮನೆ ತಣ್ಣಗಾಗಲ್ಲ. ವಾಸ್ತು ನೋಡುವವರು ಅಡುಗೆಮನೆ ಒಡೆದು ಬೇರೆ ಕಡೆ ಕಟ್ಟಿ ಅಂತಾರೆ. ಮಾರಿಬಿಡೋಣವೇ ಅಂತಲೂ ಯೋಚನೆ ಬಂದಿದೆ. ತಪ್ಪಿದ್ದೆಲ್ಲಿ? ನಕ್ಷೆ, ಫೋಟೋ ಕಳಿಸಿದ್ದೇನೆ.

ಉತ್ತರ: ಮಾರಬೇಡಿ. ಅಡುಗೆಮನೆ ಒಡೆಯಲೂ ಬೇಡಿ. ನಕ್ಷೆಯನ್ನು ಎರಡು ಸಲ ನೋಡಿದೆ, ಫೋಟೋಗಳನ್ನು ನಾಲ್ಕು ಸಲ. ನಿಮ್ಮ ಮನೆಯಲ್ಲಿ ಕೆಟ್ಟಿರುವುದು ಕಡಿಮೆ, ಬಿಟ್ಟುಹೋಗಿರುವುದು ಜಾಸ್ತಿ. ಬಿಟ್ಟುಹೋಗಿರುವುದನ್ನು ನಿಮ್ಮ ತಾಯಿ ಎರಡು ವರ್ಷದಿಂದ ದಿನಾ ಎದ್ದು ಹೋಗಿ ತೋರಿಸುತ್ತಿದ್ದಾರೆ: ಎದುರುಮನೆಯ ಮೆಟ್ಟಿಲು.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಮೈಸೂರಿನಲ್ಲಿ ನಮ್ಮದೇ ಮನೆ ಕಟ್ಟಿದೆ. ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ಬಂದ ಅಪ್ಪನಿಗೆಂದು ಎಲ್ಲಕ್ಕಿಂತ ದೊಡ್ಡ ರೂಮು, ತೋಟ ಕಾಣುವ ಕಿಟಕಿ ಕೊಟ್ಟೆ. ಅವರು ಒಂದು ವಾರ ಮಲಗಿದರು. ಎಂಟನೇ ದಿನ ಮಂಚ ಎಳೆದು ಪ್ಯಾಸೇಜಿನಲ್ಲಿ ಹಾಕಿಕೊಂಡರು. ಬಂದ ಗಿರಾಕಿಗಳ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಎಂಜಿನಿಯರ್ ಮನೆಯ ಪ್ಯಾಸೇಜಿನ ಮಂಚ. ನನಗೆ ಕೋಪ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವರಿಲ್ಲದಾಗ ಆ ಮಂಚದ ಮೇಲೆ ಒರಗಿದೆ. ಅಲ್ಲಿಂದ ಗೇಟು ಕಾಣುತ್ತಿತ್ತು, ಒಲೆ ಮುಂದೆ ನಿಂತ ಅಮ್ಮ ಕಾಣುತ್ತಿದ್ದಳು, ಗಡಿಯಾರ ಕಾಣುತ್ತಿತ್ತು. ನಾನು ಕೊಟ್ಟ ರೂಮಿನಿಂದ ಕಾಣುತ್ತಿದ್ದುದು ಪೇರಲ ಗಿಡ ಒಂದೇ. ಅವತ್ತಿನಿಂದ ಯಾರ ಮನೆಗೆ ನಕ್ಷೆ ಹಾಕಿದರೂ ರೂಮಿನ ಅಳತೆಗೆ ಮುಂಚೆ ಕೇಳುವುದು ಇದನ್ನು: ಮನೆಯಲ್ಲಿ ಯಾರು, ಎಷ್ಟು ಹೊತ್ತಿಗೆ, ಎಲ್ಲಿ ಕೂರುತ್ತಾರೆ? ಅಲ್ಲಿಂದ ಅವರಿಗೆ ಏನು ಕಾಣಬೇಕು?

ಈಗ ನಿಮ್ಮ ಊರಿನ ತೊಟ್ಟಿ ಮನೆಯನ್ನು ಇದೇ ಪ್ರಶ್ನೆ ಇಟ್ಟುಕೊಂಡು ನೆನಪಿಸಿಕೊಳ್ಳಿ. ಬೆಳಿಗ್ಗೆ ಜಗಲಿ. ಬಿಸಿಲೇರಿದರೆ ತೊಟ್ಟಿಯ ಸುತ್ತ, ಕಂಬಕ್ಕೆ ಒರಗಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ. ಊಟವಾದ ಮೇಲೆ ನಡುಮನೆಯ ತಣ್ಣನೆ ನೆಲ. ಸಂಜೆ ಹಿತ್ತಿಲ ಬಾಗಿಲು. ಒಂದು ದಿನದಲ್ಲಿ ನಾಲ್ಕು ಜಾಗ, ನಾಲ್ಕೂ ನೆರಳಿನ ಲೆಕ್ಕದಲ್ಲಿ. ಒಬ್ಬರೇ ಕೂತಿದ್ದರೂ ಮನೆಯವರೆಲ್ಲ ಕಣ್ಣಳತೆಯಲ್ಲಿ, ಇಲ್ಲವೇ ಕೂಗಳತೆಯಲ್ಲಿ. ನಿಮ್ಮ ಹೊಸ ಮನೆಯಲ್ಲಿ ಕೂರುವುದಕ್ಕೆ ಎರಡೇ ಜಾಗ: ಸೋಫಾ ಮತ್ತು ಮಂಚ. ಸೋಫಾದ ಮುಂದೆ ಟಿವಿ, ಮಂಚದ ಮುಂದೆ ವಾರ್ಡ್‌ರೋಬ್. ಲಾಡ್ಜಿನಲ್ಲೂ ಇಷ್ಟೇ ಇರುತ್ತದೆ. ನಿಮ್ಮ ತಾಯಿ ಹೋಲಿಕೆ ಕೊಟ್ಟಿದ್ದಲ್ಲ ಸ್ವಾಮಿ, ಇದ್ದದ್ದನ್ನು ಇದ್ದಂಗೆ ಹೇಳಿದ್ದು.

ಮೊದಲು ಹಾಲಿನ ವಿಷಯ, ಏಕೆಂದರೆ ಇದು ಯಾರಿಗೂ ಹೊಳೆಯುವುದಿಲ್ಲ. ಅವರು ಹಾಲಿನಲ್ಲಿ ಕೂರದಿರುವುದಕ್ಕೆ ಮುನಿಸು ಕಾರಣವಲ್ಲ, ಕಿವಿ ಕಾರಣ. ನಿಮ್ಮ ಹಾಲ್ 15×18 ಅಡಿ, ಎತ್ತರ 20 ಅಡಿ. ಅಂದರೆ 5,400 ಘನ ಅಡಿ, ಸುಮಾರು 150 ಘನ ಮೀಟರ್. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮುಂದೆ ಗಾಜು, ಸುತ್ತ ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆ. ಧ್ವನಿ ಯಾವುದಕ್ಕೂ ಇಂಗುವುದಿಲ್ಲ, ಬಡಿದು ಬಡಿದು ವಾಪಸು ಬರುತ್ತದೆ. ವ್ಯಾಲೇಸ್ ಸೇಬಿನ್ ಎಂಬ ವಿಜ್ಞಾನಿ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಇದಕ್ಕೊಂದು ಸೂತ್ರ ಕೊಟ್ಟರು: ಕೋಣೆಯ ಘನ ಮೀಟರನ್ನು 0.16ರಿಂದ ಗುಣಿಸಿ, ಧ್ವನಿ ಹೀರುವ ಮೇಲ್ಮೈಯ ಚದರ ಮೀಟರಿನಿಂದ ಭಾಗಿಸಿದರೆ, ಶಬ್ದ ಎಷ್ಟು ಸೆಕೆಂಡು ಉಳಿಯುತ್ತದೆ ಅನ್ನುವುದು ಸಿಗುತ್ತದೆ. ನಿಮ್ಮ ಸೋಫಾ, ಒಂದು ತೆಳು ಪರದೆ ಎಲ್ಲ ಸೇರಿಸಿ ಹನ್ನೆರಡು ಚದರ ಮೀಟರ್ ಹೀರುತ್ತವೆ ಅಂತ ಉದಾರವಾಗಿ ಹಿಡಿದರೂ ಎರಡು ಸೆಕೆಂಡು ಬರುತ್ತದೆ. ಮಾತಿಗೆ ಹಿತವಾದದ್ದು ಒಂದು ಸೆಕೆಂಡಿನ ಒಳಗೆ. ಎರಡು ಸೆಕೆಂಡಿನಲ್ಲಿ ನೀವು ಆಡಿದ ಮೊದಲ ಮಾತು ಇನ್ನೂ ಗಾಳಿಯಲ್ಲಿರುವಾಗಲೇ ಐದಾರು ಮಾತು ಅದರ ಮೇಲೆ ಬಿದ್ದಿರುತ್ತವೆ. ಎಳೆಯ ಕಿವಿ ಹೇಗೋ ಬಿಡಿಸಿಕೊಳ್ಳುತ್ತದೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಸೋರಿಹೋಗುವುದೇ ಸ, ಶ, ತ, ಕ ಇಂಥ ವ್ಯಂಜನಗಳು. ಈ ಗುಂಯ್‌ಗುಟ್ಟುವಿಕೆ ಉಳಿದದ್ದನ್ನೂ ನುಂಗುತ್ತದೆ. ಎಲ್ಲರೂ ನಗುತ್ತಿದ್ದಾರೆ, ಯಾಕೆಂದು ತಿಳಿಯುವುದಿಲ್ಲ. ಮತ್ತೆ ಮತ್ತೆ ‘ಏನಂದೆ?’ ಎಂದು ಕೇಳಲು ಸಂಕೋಚ. ಎದ್ದು ಹೋಗುತ್ತಾರೆ. ಎದುರುಮನೆಯ ಮೆಟ್ಟಿಲು ಬಯಲಿನಲ್ಲಿದೆ, ಅಲ್ಲಿ ಮಾತು ಸ್ಪಷ್ಟ.

ಮಣ್ಣಿನ ಗೋಡೆ, ಸಾರಿಸಿದ ನೆಲ, ಮರದ ತೊಲೆ, ಅಟ್ಟದ ಮೇಲಿನ ಮೂಟೆ, ಮೇಲೆ ಬಾಯಿ ತೆರೆದ ಆಕಾಶ ಇದ್ದ ಮನೆಯಲ್ಲಿ ಈ ಕಾಟವೇ ಇರಲಿಲ್ಲ. ನೀವು ಮೂಟೆ ತಂದು ಜೋಡಿಸಬೇಕಿಲ್ಲ. ಸೇಬಿನ್ ಸೂತ್ರದಲ್ಲಿ ಹೀರುವ ಭಾಗ ದುಪ್ಪಟ್ಟಾದರೆ ಗುಂಗು ಅರ್ಧಕ್ಕಿಳಿಯುತ್ತದೆ. ಎರಡು ಕಡೆ ಗೋಡೆಗೆ ಮೇಲಿಂದ ಕೆಳಗಿನವರೆಗೆ ದಪ್ಪ ಹತ್ತಿಯ ಪರದೆ, ನೆರಿಗೆ ಧಾರಾಳವಾಗಿ ಬರುವಂತೆ. ನೆಲಕ್ಕೆ ದಪ್ಪನೆಯದೊಂದು ಜಮಖಾನ. ಒಂದು ಗೋಡೆಗೆ ಬಾಗಿಲಿಲ್ಲದ ಪುಸ್ತಕದ ಕಪಾಟು. ಅವ್ವನ ಹಳೇ ಸೀರೆಗಳಿಂದ ಕೌದಿ ಹೊಲಿಸಿ ಗೋಡೆಗೆ ತೂಗುಹಾಕಿದರೂ ಕೆಲಸ ಮಾಡುತ್ತದೆ, ನೋಡಲೂ ಚೆಂದ. ಹಾಕುವ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಹಾಲಿನ ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿ.

ಅಲ್ಲೇ ಇನ್ನೊಂದು ಸಣ್ಣ ವಿಷಯ: ಫಾಲ್ಸ್ ಸೀಲಿಂಗಿನ ಆ ಬಿಳಿ ಎಲ್‌ಇಡಿ. ಫೋಟೋದಲ್ಲಿ ಎಲ್ಲರ ಮುಖವೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಂತಿದೆ. ಅದು 6,500 ಕೆಲ್ವಿನ್ ಬೆಳಕು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ ಬಿಳುಪು, ಇಳಿದಷ್ಟೂ ಹಳದಿ. ಹಳೆಯ ಬುರುಡೆ ಬಲ್ಬು 2,700ರ ಹತ್ತಿರ ಇರುತ್ತಿತ್ತು. ‘ವಾರ್ಮ್ ವೈಟ್’ ಅಂತ ಬರೆದ 3,000 ಕೆಲ್ವಿನ್ ಬಲ್ಬು ತನ್ನಿ. ಸೀಲಿಂಗಿನ ದೀಪವನ್ನು ರಾತ್ರಿ ಆರಿಸಿ, ಕೂರುವ ಕಡೆ ತಲೆಯೆತ್ತರಕ್ಕೆ ಒಂದು, ಬಾಗಿಲ ಹತ್ತಿರ ಒಂದು ಹಾಕಿ ನೋಡಿ.

ಇನ್ನು ಸೆಕೆ. ನಿಮಗೆ ಎಲಿವೇಶನ್, ಅಂದರೆ ಮನೆಯ ಮುಂಭಾಗದ ಚಿತ್ರ, ಮಾಡಿಕೊಟ್ಟವರು ಕಂಪ್ಯೂಟರಿನಲ್ಲಿ ಸೂರ್ಯನನ್ನು ತಮಗೆ ಬೇಕಾದ ಕಡೆ ಇಟ್ಟುಕೊಂಡಿದ್ದಾರೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ, ಆಗಸ್ಟ್ ಮೂರನೇ ವಾರದ ಆಸುಪಾಸು ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ಏಪ್ರಿಲಿನಲ್ಲಿ ಯಾರೂ ಕಾಯುವುದಿಲ್ಲ. ಮಧ್ಯಾಹ್ನದವರೆಗೆ ತಾರಸಿ ಬಿಸಿಯೇರುತ್ತದೆ, ಆಮೇಲೆ ಬಿಸಿಲು ಇಳಿದು ನೇರ ನಿಮ್ಮ ಪಶ್ಚಿಮದ ಗಾಜಿಗೆ ಹೊಡೆಯುತ್ತದೆ. ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ ಮೂವತ್ತು ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ನಿಮ್ಮ ಎರಡಡಿ ಸಜ್ಜಾದ ನೆರಳು ಗಾಜಿನ ಮೇಲೆ ಒಂದಡಿಯಷ್ಟೇ ಇಳಿಯುತ್ತದೆ. ಐದೂವರೆಗೆ ಅರ್ಧ ಅಡಿ. ಗಾಜಿನ ಎತ್ತರ ಹದಿನಾರು ಅಡಿ! ದಕ್ಷಿಣದ ಕಿಟಕಿಯಾಗಿದ್ದರೆ ಸಜ್ಜಾ ಸಾಕಿತ್ತು, ಡಿಸೆಂಬರಿನಲ್ಲೂ ನಡುಹಗಲ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಪಶ್ಚಿಮಕ್ಕೆ ಸಜ್ಜಾ ಅನ್ನುವುದು ಮೊಣಕಾಲಿಗೆ ಕೊಡೆ ಹಿಡಿದಂತೆ.

ಒಳಗಿನಿಂದ ಪರದೆ ಎಳೆದಿದ್ದೀರಿ. ಆ ಹೊತ್ತಿಗೆ ಶಾಖ ಗಾಜು ದಾಟಿ ಒಳಗೆ ಬಂದಾಗಿದೆ. ಪರದೆಯೇ ಬಿಸಿಯಾಗಿ ಹಾಲಿಗೆ ಕಾವು ಕೊಡುತ್ತದೆ. ತಡೆಯಬೇಕಾದ್ದು ಹೊರಗಡೆ. ಬಿದಿರಿನ ಚಿಕ್ ಪರದೆಯನ್ನು ಗಾಜಿನ ಹೊರಗೆ, ಒಂದು ಗೇಣು ಅಂತರ ಬಿಟ್ಟು ಇಳಿಬಿಡಿ, ಹಗ್ಗದಿಂದ ಎತ್ತಿ ಇಳಿಸುವಂಥದ್ದು. ಗೇಟಿನ ಪಕ್ಕ ಒಂದು ಹೊಂಗೆ ಸಸಿ ನೆಡಿ. ಬೇಸಿಗೆ ಬಲಿಯುವ ಹೊತ್ತಿಗೆ ಅದು ಹೊಸ ಎಲೆ ತಳೆದು ದಟ್ಟವಾಗಿರುತ್ತದೆ. ಐದಾರು ವರ್ಷ ಬೇಕು ಅಂತ ಮೂಗು ಮುರಿಯಬೇಡಿ, ನೀವು ಗೃಹಪ್ರವೇಶದ ದಿನ ನೆಟ್ಟಿದ್ದರೆ ಇವತ್ತಿಗೆ ಎರಡು ವರ್ಷದ ಮರ.

ಗಾಜಿನ ಬಗ್ಗೆ ಇನ್ನೊಂದು ಮಾತು ನೆನಪಾಗುತ್ತದೆ. ಆರ್.ಕೆ. ನಾರಾಯಣ್ ಅವರು ಯಾದವಗಿರಿಯಲ್ಲಿ ಕಟ್ಟಿಸಿದ ಮನೆ ಈಗ ಮ್ಯೂಸಿಯಂ ಆಗಿದೆ, ನೋಡಿಲ್ಲದಿದ್ದರೆ ಒಂದು ಭಾನುವಾರ ಹೋಗಿ ಬನ್ನಿ. ಬರೆಯುವ ಕೋಣೆಗೆ ಅರ್ಧಚಂದ್ರಾಕಾರದಲ್ಲಿ ಎಂಟು ಕಿಟಕಿ ಇಡಿಸಿದರು. ಚಾಮುಂಡಿ ಬೆಟ್ಟವೂ ಸೇರಿ ಎಲ್ಲವೂ ಚೆನ್ನಾಗಿ ಕಂಡಿತು, ಎಷ್ಟು ಚೆನ್ನಾಗಿ ಅಂದರೆ ಬರೆಯಲು ಮನಸ್ಸು ನಿಲ್ಲದೆ ಕೊನೆಗೆ ಪರದೆ ಹಾಕಿಸಿಕೊಂಡರು. ಅವರಿಗೆ ಬೆಟ್ಟವಾದರೂ ಇತ್ತು. ನಿಮ್ಮ ಹದಿನಾರು ಅಡಿ ಗಾಜಿನಿಂದ ಕಾಣುವುದು ಎದುರುಮನೆಯ ಸಿಂಟೆಕ್ಸ್.

ಆದರೆ ಆ ಡಬಲ್ ಹೈಟನ್ನು ನಾನು ಬೈಯುವುದಿಲ್ಲ. ಅದು ಮುಚ್ಚಳ ಹಾಕಿದ ತೊಟ್ಟಿ. ತೊಟ್ಟಿ ಮನೆ ತಂಪಾಗಿದ್ದದ್ದು ಮಣ್ಣಿನ ಗೋಡೆಯೊಂದರಿಂದಲ್ಲ. ಬಿಸಿಗಾಳಿ ಮೇಲೇರಿ ತೊಟ್ಟಿಯ ಬಾಯಿಂದ ಹೊರಗೆ ಹೋಗುತ್ತಿತ್ತು, ಅದರ ಜಾಗಕ್ಕೆ ಹಿತ್ತಿಲ ಕಡೆಯ ತಂಪುಗಾಳಿ ಬರುತ್ತಿತ್ತು. ನಿಮ್ಮಲ್ಲೂ ಬಿಸಿಗಾಳಿ ಇಪ್ಪತ್ತಡಿ ಮೇಲೇರುತ್ತದೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಏಕೆಂದರೆ ಮೇಲಿನ ಗಾಜು ಫಿಕ್ಸೆಡ್. ನಿಮ್ಮ ಮಹಡಿಯ ರೂಮುಗಳು ಆ ಬಿಸಿಯಲ್ಲೇ ಮುಳುಗಿವೆ. ಗಾಜಿನ ಮೇಲ್ತುದಿಯ ಎರಡಡಿ ತೆಗೆಸಿ, ಅಡ್ಡಪಟ್ಟಿಯ ಲೂವರ್ ಮತ್ತು ಸೊಳ್ಳೆಪರದೆ ಹಾಕಿಸಿ. ಮೈಸೂರಿನ ಏಪ್ರಿಲ್‌ನಲ್ಲಿ ಹಗಲು 34–35 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 21–22ಕ್ಕೆ ಇಳಿಯುತ್ತದೆ. ಅದು ನಮ್ಮ ಊರಿನ ಪುಣ್ಯ, ಚೆನ್ನೈನವರಿಗೆ ಸಿಗುವುದಿಲ್ಲ. ಹಗಲು ಕಿಟಕಿ ಮುಚ್ಚಿ, ರಾತ್ರಿ ಒಂಬತ್ತರ ಮೇಲೆ ಕೆಳಗಿನ ಹಿಂಬದಿ ಕಿಟಕಿ ಮತ್ತು ಮೇಲಿನ ಲೂವರ್ ಎರಡನ್ನೂ ತೆರೆದಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣ-ನೈಋತ್ಯದಿಂದ ಬೀಸುತ್ತದೆ, ಆಷಾಢದಲ್ಲಂತೂ ಕೇಳಬೇಡಿ. ನಿಮ್ಮ ಪಶ್ಚಿಮದ ಮುಖ ಆಗ ಸೋನೆ ಮಳೆಯ ಎರಚಲನ್ನೂ ತರುತ್ತದೆ, ಅದಕ್ಕೇ ಲೂವರ್ ಪಟ್ಟಿಗಳು ಹೊರಕ್ಕೆ ಇಳಿಜಾರಾಗಿರಲಿ. ತಾರಸಿಗೆ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಎರಡು ಕೋಟ್ ಬಿಳಿ ಸುಣ್ಣ.

ಅಡುಗೆಮನೆ. ವಾಸ್ತುವಿನ ಮಾತಿಗೆ ಒಂದೇ ಸಾಲು: ನಿಮ್ಮ ಅಡುಗೆಮನೆ ಆಗ್ನೇಯದಲ್ಲಿ ಇಲ್ಲದಿದ್ದರೂ ಪೂರ್ವದ ಗೋಡೆಗೇ ಇದೆ, ಬೆಳಗಿನ ಬಿಸಿಲು ಬರುತ್ತದೆ, ಮಳೆಗಾಲದ ಗಾಳಿಗೆ ಒಗ್ಗರಣೆಯ ಹೊಗೆ ಮನೆಯೊಳಗೆ ತಿರುಗದೆ ಆಚೆ ಹೋಗುತ್ತದೆ. ಸಾಕು. ಅಲ್ಲಿರುವ ದೋಷ ದಿಕ್ಕಿನದಲ್ಲ, ಎತ್ತರದ್ದು. ನಿಮ್ಮ ಮನೆಯಲ್ಲಿ ದಿನಾ ರಾತ್ರಿ ಮುದ್ದೆ ಅಂತ ಬರೆದಿದ್ದೀರಿ. ಮಾಡ್ಯುಲರ್ ಕಿಚನ್ ಕೂರಿಸಿದವರು ಆ ಪ್ರಶ್ನೆ ಕೇಳಲೇ ಇಲ್ಲ, ಅಲ್ಲವೇ? ಕಟ್ಟೆ 34 ಇಂಚು. ಅದರ ಮೇಲೆ ಸ್ಟವ್ ನಾಲ್ಕಿಂಚು. ಅದರ ಮೇಲೆ ಪಾತ್ರೆ ಎಂಟಿಂಚು. ಪಾತ್ರೆಯ ಬಾಯಿ 46 ಇಂಚಿಗೆ ಬಂತು. ಐದಡಿ ಎತ್ತರದ ನಿಮ್ಮ ಮನೆಯವರ ಮೊಣಕೈ ಇರುವುದು 38 ಇಂಚಿನ ಆಸುಪಾಸಿನಲ್ಲಿ. ಮುದ್ದೆ ತಿರುವುವುದು ಸೌಟಾಡಿಸುವ ಕೆಲಸವಲ್ಲ, ಮೈಭಾರ ಬಿಟ್ಟು ಕೋಲನ್ನು ಕೆಳಕ್ಕೆ ಒತ್ತಬೇಕು. ಇವರು ಕೈಯನ್ನು ಎದೆಮಟ್ಟಕ್ಕೆ ಎತ್ತಿಕೊಂಡು ಒತ್ತುತ್ತಿದ್ದಾರೆ, ಇಡೀ ಭಾರ ಭುಜದ ಮೇಲೆ. ನಿಮ್ಮ ತಾಯಿ ಕೂತು, ಪಾತ್ರೆಯನ್ನು ಕವೆಗೋಲಲ್ಲಿ ಒತ್ತಿಹಿಡಿದು ತಿರುವುತ್ತಿದ್ದವರು. ಹತ್ತು ಜನರ ಹಿಟ್ಟಿಗೂ ಅವರ ಭುಜ ನೋಯಲಿಲ್ಲ.

ಸಿಂಕಿನ ಪಕ್ಕದ ಕ್ಯಾಬಿನೆಟ್ ಒಂದನ್ನು ತೆಗೆಸಿ, ಅಲ್ಲಿ 24 ಇಂಚು ಎತ್ತರಕ್ಕೆ, ಎರಡೂವರೆ ಅಡಿ ಅಗಲಕ್ಕೆ ಕಲ್ಲಿನ ಕಟ್ಟೆ ಹಾಕಿಸಿ. ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿ ಅಲ್ಲಿ ತಿರುವಲಿ. ಪಾತ್ರೆಯ ಬಾಯಿ 32 ಇಂಚಿಗೆ ಬರುತ್ತದೆ, ಮೊಣಕೈಗಿಂತ ಅರ್ಧ ಅಡಿ ಕೆಳಗೆ. ಮಿಕ್ಸಿ, ತೆಂಗಿನಕಾಯಿ ತುರಿಯುವುದು, ಚಪಾತಿ ಲಟ್ಟಿಸುವುದು ಎಲ್ಲ ಅಲ್ಲೇ ಹಗುರ. ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿದರೆ ನಿಮ್ಮ ತಾಯಿ ಅವರೆಕಾಯಿ ಸುಲಿಯುತ್ತಾ ಕೂರಬಹುದು. ಅಡುಗೆಮನೆಯಲ್ಲಿ ನಿಲ್ಲುವವರಿಗೆ ಮಾತ್ರ ಜಾಗ ಕೊಟ್ಟು, ಕೂರುವವರನ್ನು ಹೊರಗೆ ಹಾಕಿದ್ದು ಈ ಇಪ್ಪತ್ತು ವರ್ಷದ ಫ್ಯಾಶನ್. ಹಾಲಿನ ಕಡೆಯ ಗೋಡೆಯಲ್ಲಿ ಮೂರಡಿ ಅಗಲದ ಒಂದು ಕಿಂಡಿ ತೆರೆಸಿದರೆ ಅಲ್ಲಿಂದ ಮುಂಬಾಗಿಲೂ ಕಾಣುತ್ತದೆ. ತೆರೆಸುವ ಮುಂಚೆ ಅದು ಭಾರ ಹೊತ್ತ ಗೋಡೆಯೋ ಅಲ್ಲವೋ ಅಂತ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಕೇಳಿಸಿ, ಮೇಸ್ತ್ರಿಯ ಮಾತಿನ ಮೇಲೆ ಮಾತ್ರ ಹೋಗಬೇಡಿ.

ತಾಯಿಯವರ ಬಾತ್‌ರೂಮಿನಲ್ಲಿ ಮಿರಮಿರ ಹೊಳೆಯುವ ಟೈಲ್ಸ್ ಕಂಡೆ. ಅದನ್ನು ಈ ವಾರವೇ ಸರಿಮಾಡಿ, ಉಳಿದದ್ದು ನಿಧಾನಕ್ಕಾಗಲಿ. ಜಾರದ ಒರಟು ಟೈಲ್ಸ್, ಕಮೋಡಿನ ಪಕ್ಕ ಮತ್ತು ನಲ್ಲಿಯ ಪಕ್ಕ ಗೋಡೆಗೆ ಬಿಗಿದ ಸ್ಟೀಲ್ ಹಿಡಿಕೆ, ಬಾಗಿಲು ಹೊರಕ್ಕೆ ತೆರೆಯುವಂತೆ. ಒಳಕ್ಕೆ ತೆರೆಯುವ ಬಾಗಿಲಿದ್ದರೆ, ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗಿ ಬಿಡುತ್ತಾರೆ.

ಮಗಳು ಬಾಗಿಲು ಹಾಕಿಕೊಂಡು ಮಹಡಿಯಲ್ಲೇ ಇರುತ್ತಾಳೆ ಅಂತ ಬರೆದಿದ್ದೀರಿ. ಪಿಯುಸಿ ಓದುವ ಹುಡುಗಿ ಬಾಗಿಲು ಹಾಕಿಕೊಳ್ಳಲಿ ಬಿಡಿ.

ಕೊನೆಗೆ ಆ ಮೆಟ್ಟಿಲು, ಅಂದರೆ ಜಗಲಿ. ಮೈಸೂರಿನ ಹಳೇ ಅಗ್ರಹಾರದ ಬೀದಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ, ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಆಗ ಬೆಳೆದ ಬಡಾವಣೆಗಳಲ್ಲಿ ಮುಂದೆ ಅಗಲ ರಸ್ತೆ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಗಲ್ಲಿ ಮಾಡಿದ್ದು ಹೊಲಸು ಸಾಗಿಸಲು, ಆದರೆ ಅದರಿಂದ ಪ್ರತಿ ಮನೆಗೂ ಹಿಂದೊಂದು ಬಾಗಿಲು, ಎದುರಿನಿಂದ ಹಿಂದಕ್ಕೆ ಗಾಳಿಯ ದಾರಿ ಬಿಟ್ಟಿಯಾಗಿ ಸಿಕ್ಕಿತು. ಈಗಿನ ಬಡಾವಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಸೈಟುಗಳು. ಹಿತ್ತಿಲು ಮೂರಡಿಯ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಅಂಚಿಗೂ ನಡುವೆ ಬಿಡುವ ಖಾಲಿ ಜಾಗ ಆಯಿತು, ಜಗಲಿ ಕಾರಿನ ಪೋರ್ಟಿಕೋ ಆಯಿತು. ಸಾಲದ್ದಕ್ಕೆ ನೀವು ಐದೂವರೆ ಅಡಿ ಕಾಂಪೌಂಡು, ಪೂರ್ತಿ ತಗಡು ಹೊಡೆಸಿದ ಗೇಟು ಹಾಕಿಸಿದ್ದೀರಿ. ಒಳಗೆ ಕೂತವರಿಗೆ ಬೀದಿ ಕಾಣುವುದಿಲ್ಲ, ಬೀದಿಯವರಿಗೆ ಇವರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಸೊಪ್ಪಿನವಳು ಕೂಗುವುದು ಕೇಳುತ್ತದೆ, ಎದ್ದು ಗೇಟು ತೆಗೆಯುವಷ್ಟರಲ್ಲಿ ಅವಳು ತಿರುವಿನಲ್ಲಿರುತ್ತಾಳೆ.

ಗೇಟಿನ ತಗಡನ್ನು ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿನಿಂದ, ಅಂದರೆ ಮೂರಡಿಯಿಂದ ಮೇಲಕ್ಕೆ ತೆಗೆಸಿ ಸರಳು ಬಿಡಿ. ಪೋರ್ಟಿಕೋದ ಒಂದು ಪಕ್ಕಕ್ಕೆ, ಕಾರಿನ ಬಾಗಿಲು ತೆರೆಯಲು ಜಾಗ ಬಿಟ್ಟು, ಐದಡಿ ಉದ್ದದ ಕಲ್ಲು ಚಪ್ಪಡಿಯ ಬೆಂಚು ಇಡಿಸಿ. ಎತ್ತರ 18 ಇಂಚು. ಹಳೇ ಜಗಲಿ ಇದಕ್ಕಿಂತ ತಗ್ಗಿರಲಿಲ್ಲವೇ ಅನ್ನಬೇಡಿ, ಆಗ ಅವರ ಮೊಣಕಾಲು ಬೇರೆ. ಅಗಲ ಎರಡಡಿ, ಚಕ್ಕಳಮಕ್ಕಳ ಹಾಕಿ ಕೂರಲು. ಬೆನ್ನಿಗೆ ಗೋಡೆ, ಏಳುವಾಗ ಹಿಡಿದುಕೊಳ್ಳಲು ಪಕ್ಕಕ್ಕೊಂದು ಕಂಬ ಅಥವಾ ಕಂಬಿ. ಇದು ಬೆಳಗಿನ ಜಾಗ. ಪಶ್ಚಿಮದ ಮನೆಯ ಮುಂದೆ ಬೆಳಿಗ್ಗೆ ಹನ್ನೊಂದರವರೆಗೂ ಮನೆಯದ್ದೇ ನೆರಳು, ಹಾಲು, ಪೇಪರು, ಹೂವು, ಸೊಪ್ಪು ಎಲ್ಲ ಬರುವುದೂ ಆಗಲೇ. ಸಂಜೆ ಅಲ್ಲಿ ಕೂರಲಾಗದು, ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಸಂಜೆಗೆ ಹಿಂದಿನ ಪೂರ್ವದ ಸೆಟ್‌ಬ್ಯಾಕಿನಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕ ಇನ್ನೊಂದು ಚಿಕ್ಕ ಬೆಂಚು. ಅಲ್ಲಿ ಒಂದು ಕರಿಬೇವು, ಒಂದು ಮಲ್ಲಿಗೆ ಬಳ್ಳಿ ಸಾಕು.

ಬೆಂಚುಗಳನ್ನು ಮೊದಲೇ ಸಿಮೆಂಟ್ ಹಾಕಿ ಕೂರಿಸಬೇಡಿ. ಇಟ್ಟಿಗೆಯ ಮೇಲೆ ಚಪ್ಪಡಿ ಇರಿಸಿ, ಅಲುಗದಂತೆ ನೋಡಿಕೊಂಡು, ಒಂದು ತಿಂಗಳು ಬಿಡಿ. ‘ಅವ್ವ, ಇಲ್ಲಿ ಕೂತ್ಕೊ’ ಅಂತಲೂ ಹೇಳಬೇಡಿ. ಅತ್ತಿತ್ತ ಸರಿಸು ಅಂತ ಅವರೇ ಒಂದೆರಡು ಸಲ ಹೇಳುತ್ತಾರೆ. ಹೇಳುವುದು ನಿಂತ ಮೇಲೆ ಮೇಸ್ತ್ರಿಯನ್ನು ಕರೆಸಿ.